ಮಾತು ಮಾತ್ರ

ಮೌಲಾಲಿ, ಹೈದರಾಬಾದ್
೧೨ ಮಾರ್ಚ್ ೨೦೨೩

ಪ್ರೀತಿಯ ಸುಮಿ,

ಮೊದಲು ಕುಳಿತುಕೋ, ಆಮೇಲೆ ಓದು. ನನಗೆ ಮತ್ತೆ ಫೋನು ಬಂದಿದೆ!

ಫೋನು ಮೊದಲೂ ಇತ್ತಲ್ಲ ಅನ್ನಬೇಡ. ಇತ್ತು, ಟೈಮು ನೋಡುವುದಕ್ಕೆ. ಇಪ್ಪತ್ತೆರಡು ವರ್ಷ ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ನಿನ್ನ ಪಕ್ಕ ಕುಳಿತು ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟವಳು ನಾನು. ಅಂಥವಳಿಗೆ ಮೂರು ವರ್ಷದಿಂದ ತನ್ನ ಫೋನಿನಲ್ಲೇ ಒಂದಕ್ಷರ ಕೇಳುವುದಿಲ್ಲ. ಕಿವಿಗೆ ಹಾಕುವ ಮಿಷನ್ನು ಸದ್ದನ್ನು ದೊಡ್ಡದು ಮಾಡುತ್ತದೆಯೇ ಹೊರತು ಮಾತನ್ನು ಬಿಡಿಸಿ ಕೊಡುವುದಿಲ್ಲ. ಎದುರಿಗಿದ್ದವರ ತುಟಿ ನೋಡಿ ಹೇಗೋ ತಿಳಿದುಕೊಳ್ಳುತ್ತೇನೆ, ಫೋನಿಗೆ ತುಟಿ ಎಲ್ಲಿದೆ? ಮೆಸೇಜು ಕಳಿಸೋಣವೆಂದರೆ ನೀನು ಆ ಗುಂಡಿ ಒತ್ತುವ ಫೋನು ಬಿಡುವವಳಲ್ಲ. ಹಾಗಾಗಿ ಈ ಕಾಲದಲ್ಲೂ ನಮ್ಮಿಬ್ಬರಿಗೆ ಅಂಚೆಯಣ್ಣನೇ ಗತಿ.

ಬೇಗಂಪೇಟೆಯಲ್ಲಿ ಒಂದು ಸೇವಾ ಸಂಸ್ಥೆ ಇದೆ. ನಾನು ಇಲ್ಲಿಂದ ಮಾತಾಡುತ್ತೇನೆ, ಅದು ನಿನಗೆ ನೇರವಾಗಿ ಕೇಳಿಸುತ್ತದೆ. ನೀನು ಅಲ್ಲಿಂದ ಆಡಿದ್ದನ್ನು ಅವರ ಆಫೀಸಿನಲ್ಲಿ ಕುಳಿತ ಹುಡುಗಿ ಕೇಳಿಸಿಕೊಂಡು ಟೈಪು ಮಾಡುತ್ತಾಳೆ. ಅದು ನನ್ನ ಫೋನಿನ ಮೇಲೆ ಸಾಲುಸಾಲಾಗಿ ಮೂಡುತ್ತದೆ. ತೆಲುಗು, ಹಿಂದಿ, ಇಂಗ್ಲಿಷಿಗೆ ಮೊದಲೇ ಇತ್ತು. ಕನ್ನಡಕ್ಕೆ ಇರಲಿಲ್ಲ. ಎಂಟು ತಿಂಗಳು ಬಸ್ಸು ಹತ್ತಿ ಇಳಿದಿದ್ದೇನೆ. "ಅಮ್ಮಾ, ನಿಮಗೆ ತೆಲುಗು ಓದಲು ಬರುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ" ಅಂದರು. "ಓದಾಕ ನನಗ ಬರತೈತ್ರಿ, ಆದ್ರ ಗದಗಿನಾಕಿ ತೆಲುಗು ಮಾತಾಡಬೇಕಲ್ಲ!" ಅಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಸಮಾಧಾನವಾಯಿತು. ಫೋನೇ ತಾನಾಗಿ ಬರೆದುಕೊಳ್ಳುವ ಸೌಲಭ್ಯವನ್ನೂ ನೋಡಿದೆ, ನಮ್ಮ ಕಡೆಯ ಮಾತು ಅದಕ್ಕೆ ತಲೆಬುಡ ತಿಳಿಯುವುದಿಲ್ಲ.

ಕೊನೆಗೆ ರಾಯಚೂರು ಕಡೆಯ ಮಾನಸಾ ಅನ್ನುವ ಹುಡುಗಿ ಕೆಲಸಕ್ಕೆ ಸೇರಿದಳು. ಭಾನುವಾರ ಹನ್ನೊಂದರಿಂದ ಹನ್ನೆರಡು, ಒಂದೇ ಗಂಟೆ ಕನ್ನಡ. ಅವಳು ಏನನ್ನೂ ಬಿಡುವುದಿಲ್ಲ. ನೀನು ಕೆಮ್ಮಿದರೆ ಕಂಸದಲ್ಲಿ 'ಕೆಮ್ಮು' ಅಂತ ಬರುತ್ತದೆ.

ಇನ್ನು ಹಿಂದಿನ ಕೋಣೆ. ರಿಟೈರಾದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಅಂತ ಮಾತಾಗಿತ್ತು. ನೀನು ನೌಕರಿ ಬಿಟ್ಟು ನಿಮ್ಮಮ್ಮನನ್ನು ನೋಡಿಕೊಳ್ಳಲು ಗದಗಿಗೆ ಹೋದೆ, ನಾನು ಏನೂ ಅನ್ನಲಿಲ್ಲ. ಅಮ್ಮ ಹೋಗಿ ಎರಡು ವರ್ಷವಾಯಿತು. ಈಗ ಏನು ನೆವ ಹೇಳುತ್ತೀ? ಕಾಗದದಲ್ಲಿ ಬೇಡ, ಫೋನಿನಲ್ಲಿ ಬಾಯಿಬಿಟ್ಟು ಹೇಳು. ನಾನು ಓದಿಕೊಳ್ಳುತ್ತೇನೆ.

ನಿನ್ನ
ಕುಮುದಕ್ಕ


ಗದಗ
೨೪ ಮಾರ್ಚ್ ೨೦೨೩

ಅಕ್ಕ,

ಯುಗಾದಿ ಮುಗಿಯಿತು. ಅಟ್ಟದ ಕಸ ಹೊಡೆದ ಧೂಳಿಗೋ ಏನೋ ಗಂಟಲು ಕಟ್ಟಿದೆ, ಉಳಿದಂತೆ ಆರಾಮ. ನಿನ್ನ ಫೋನಿನ ಸುದ್ದಿ ಓದಿ ಬಹಳ ಖುಷಿಯಾಯಿತು.

ಆದರೆ ಒಂದು ಮಾತು. ನಮ್ಮ ನಡುವೆ ಮೂರನೆಯವಳು ಕುಳಿತಿರುತ್ತಾಳಲ್ಲ, ಅದು ನನಗೆ ಕಷ್ಟ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಸುಪರ್‌ವೈಸರ್ ವೀರಭದ್ರಪ್ಪನವರು ತಮ್ಮ ಟೇಬಲ್ಲಿನಿಂದ ಸದ್ದಿಲ್ಲದೆ ನಮ್ಮ ಲೈನಿಗೆ ಕಿವಿ ಕೊಡುತ್ತಿದ್ದರು. ಅದು ಗೊತ್ತಾದ ಕೂಡಲೇ ನಾವು ಉಗುರಿನಿಂದ ಮೌತ್‌ಪೀಸಿನ ಮೇಲೆ ಎರಡು ಸಲ ಬಡಿಯುತ್ತಿದ್ದೆವು. ಟಕ್ ಟಕ್. ಲೈನಿನಲ್ಲಿ ಬೇರೆಯವರಿದ್ದಾರೆ, ಹೇಳುವುದಿದೆ, ಆದರೆ ಇಲ್ಲಿ ಬೇಡ, ಎದುರಿಗೆ ಹೇಳುತ್ತೇನೆ ಅಂತ. ಆಮೇಲೆ ಊಟದ ಹೊತ್ತಿಗೆ ಕ್ಯಾಂಟೀನಿನ ಹಿಂದೆ ಹೋಗಿ ಎಲ್ಲ ಹೇಳಿಕೊಳ್ಳುವುದು. ಅದು ಕೈಗೆ ಅಂಟಿದ ಚಟ. ಆ ಹುಡುಗಿ ಇರುವಾಗ ನಾನು ಬಡಿದರೆ ನಗಬೇಡ.

ಕೋಣೆಯ ವಿಷಯ ಯೋಚಿಸುತ್ತಿದ್ದೇನೆ. ಬೇಡ ಅಂದಿಲ್ಲ, ಹೌದೂ ಅಂದಿಲ್ಲ. ಈ ಮನೆಯ ಪಾತ್ರೆ ಪಡಗ ಒಂದು ದಡ ಮುಟ್ಟಿಸಬೇಕು.

ಸುಮತಿ


ಮೌಲಾಲಿ
೯ ಏಪ್ರಿಲ್ ೨೦೨೩

ಸುಮಿ,

ಈಗಷ್ಟೇ ಫೋನು ಕೆಳಗಿಟ್ಟೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಏನು ಮೂಡಿತು ಗೊತ್ತೇ? "ಅಕ್ಕಾ, ಕೇಳಸಾಕತ್ತೈತೇನ?" ಅದರ ಕೆಳಗೆ "(ನಗು)". ಅದರ ಕೆಳಗೆ "(ಕುಕ್ಕರಿನ ಸೀಟಿ)". ಆಮೇಲೆ "ತಡಿ, ಗ್ಯಾಸ್ ಆರಿಸಿ ಬರ್ತೀನಿ". ಮೂರು ವರ್ಷದ ಮೇಲೆ ನಿನ್ನ ಅಡುಗೆಮನೆಯಲ್ಲಿ ಬಂದು ಕುಳಿತ ಹಾಗಾಯಿತು. ನಾನು ಅತ್ತೆ. ನಿನಗೆ ಕೇಳಿಸಿರಬೇಕು. ಒಂದು ಕಡೆ "(ಕೆಮ್ಮು)" ಅಂತಲೂ ಬಂತು. ನಾನು ಹೇಳಿರಲಿಲ್ಲವೇ, ಅವಳು ಏನನ್ನೂ ಬಿಡುವುದಿಲ್ಲ ಅಂತ. ನೀನು ಉಗುರಿನಿಂದ ಬಡಿದರೆ ಅದನ್ನೂ ಬರೆಯುತ್ತಾಳೆ, ಧಾರಾಳವಾಗಿ ಬಡಿ.

ಇನ್ನು ಪತ್ರ ಸಾಕು. ಅಂಚೆಯಣ್ಣನಿಗೆ ರಜೆ ಕೊಡೋಣ. ಭಾನುವಾರ ಹನ್ನೊಂದಕ್ಕೆ ನಾನೇ ಮಾಡುತ್ತೇನೆ.

ಕುಮುದಕ್ಕ


(ಅಂಚೆ ಕಾರ್ಡು)
ಗದಗ
೨೭ ಜೂನ್ ೨೦೨೩

ಅಕ್ಕ,

ವಾರಕ್ಕೊಮ್ಮೆ ಮಾತಾಡುತ್ತೇವೆ, ನಿಜ. ಆದರೂ ನಿನ್ನ ಕೈಬರಹ ನೋಡಿ ಬಹಳ ದಿನವಾಯಿತು. ಕೆಲವು ಮಾತು ಫೋನಿನಲ್ಲಿ ಬರುವುದಿಲ್ಲ. ನೀನಾಗಿಯೇ ಕೇಳಬಹುದು ಅಂತ ಕಾಯುತ್ತಿದ್ದೇನೆ. ಎರಡು ಸಾಲಾದರೂ ಬರಿ.

ಸುಮತಿ


ಮೌಲಾಲಿ
೧೦ ಜುಲೈ ೨೦೨೩

ಸುಮಿ,

ಕಾರ್ಡು ಬಂತು. ಪ್ರತಿ ಭಾನುವಾರ ಮಾತಾಡುತ್ತಿರುವಾಗ ಇನ್ನೇನು ಬರೆಯಲಿ ಹೇಳು?

ನಿನ್ನ ಮೇಲೆ ನನಗೆ ಸಿಟ್ಟಿದೆ. ನಮ್ಮ ಮಾತುಕತೆಯೆಲ್ಲ ನನ್ನ ಫೋನಿನಲ್ಲಿ ಉಳಿದಿರುತ್ತದೆ, ಬಿಡುವಾದಾಗ ಮತ್ತೆ ಓದುತ್ತೇನೆ. ಏಪ್ರಿಲಿನಲ್ಲಿ ನೀನು ಪುಟಗಟ್ಟಲೆ ಮಾತಾಡಿದ್ದೀ. ನೆರೆಮನೆಯವರ ಜಗಳ, ಮಾವಿನಕಾಯಿ ಉಪ್ಪಿನಕಾಯಿ, ಎಲ್ಲ. ಈಗ ನೋಡಿದರೆ ಬರೀ "ಹ್ಞೂಂ", "ಆರಾಮ", "ಆತು". ಮೊನ್ನೆ ನಾನು ಅರ್ಧ ಗಂಟೆ ಮಾತಾಡಿದ್ದಕ್ಕೆ ನಿನ್ನಿಂದ ಬಂದದ್ದು ಆರು ಪದ. ಸರಕಾರಿ ಕಚೇರಿಯಲ್ಲೂ ಇದಕ್ಕಿಂತ ಜಾಸ್ತಿ ಮಾತಾಡುತ್ತಾರೆ!

ನನಗೆ ಗೊತ್ತು ಇದು ಯಾತಕ್ಕೆ ಅಂತ. ಬರಲು ನಿನಗೆ ಮನಸ್ಸಿಲ್ಲ, ಹೇಳಲು ನಾಲಿಗೆ ಏಳುತ್ತಿಲ್ಲ. ಕಿವುಡಿಯ ಜೊತೆ ಏಗುವುದು ಬೇಸರ ಅಂತಿದ್ದರೆ ನೇರವಾಗಿ ಹೇಳು, ನನಗೇನೂ ಬೇಜಾರಿಲ್ಲ. ಇದೆ, ಇದ್ದರೂ ನುಂಗಿಕೊಳ್ಳುತ್ತೇನೆ.

ಈಗ ಸ್ಕ್ರೀನು ನಮ್ಮ ಬೋರ್ಡಿನಷ್ಟೇ ಸ್ವಚ್ಛವಾಗಿದೆ, ಒಂದು ಹೆಚ್ಚಿನ ಚುಕ್ಕೆ ಇರುವುದಿಲ್ಲ. ಅಷ್ಟು ಜಾಗ ಖಾಲಿ ಇದೆ, ತುಂಬುವವಳು ನೀನು. ಕೋಣೆಗೆ ತಿಳಿಹಳದಿ ಬಣ್ಣ ಹಚ್ಚಿಸುತ್ತಿದ್ದೇನೆ. ಬೇಡವಾದರೆ ಈಗಲೇ ಹೇಳಿಬಿಡು.

ಕುಮುದಾ


ಹುಬ್ಬಳ್ಳಿ
೪ ನವೆಂಬರ್ ೨೦೨೩

ಅಕ್ಕ,

ರೋಹಿತನ ಮನೆಯಿಂದ ಬರೆಯುತ್ತಿದ್ದೇನೆ. ಸೆಪ್ಟೆಂಬರ್ ಹತ್ತರ ಭಾನುವಾರ ನಿನಗೆ "ಅಣ್ಣನ ಮಗನ ಕಡೆ ಹೊಂಟೀನಿ, ನಾ ಹೇಳೂತನಾ ಫೋನ್ ಮಾಡಬ್ಯಾಡ" ಅಂದಿದ್ದೆ. ನೀನು "ಆಗಲಿ, ನಿನ್ನ ಖುಷಿ" ಅಂದು ಇಟ್ಟೆ. ನಾನು ಬಂದದ್ದು ಆಸ್ಪತ್ರೆಗೆ. ಗಂಟಲಿನಲ್ಲಿ ಗಡ್ಡೆ, ಕ್ಯಾನ್ಸರು. ಅಕ್ಟೋಬರ್ ಐದಕ್ಕೆ ಆಪರೇಷನ್ನಾಯಿತು. ಧ್ವನಿಪೆಟ್ಟಿಗೆ ಪೂರ್ತಿ ತೆಗೆದರು. ಈಗ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಜೀವಕ್ಕೆ ಅಪಾಯವಿಲ್ಲ ಅನ್ನುತ್ತಾರೆ. ಮಾತು ಹೋಯಿತು.

ನಿನಗೆ ಹೇಳಬಾರದು ಅಂತಿದ್ದೆ, ಆದರೆ ಹೊಟ್ಟೆಯಲ್ಲಿ ಇಟ್ಟುಕೊಂಡು ಇರಲು ಆಗುತ್ತಿಲ್ಲ. ಮೇ ತಿಂಗಳಿಂದ ನನ್ನ ದನಿ ಒಡೆದ ಮಡಕೆಯ ಹಾಗಾಗಿತ್ತು. ಹಾಲಿನವನು ಕೇಳಿದ, ನೆರೆಮನೆಯವರು ಕೇಳಿದರು, ಬ್ಯಾಂಕಿನಲ್ಲಿ ಯಾರೋ ಗುರುತಿಲ್ಲದವರು ಸಹ ಕೇಳಿದರು. ಎಲ್ಲರಿಗೂ ನೆಗಡಿ ಅಂದೆ. ನೀನೊಬ್ಬಳು ಕೇಳಲಿಲ್ಲ. ನಾನು ಕೆಮ್ಮಿದ್ದು, ಮಾತಿನ ನಡುವೆ ದನಿ ನಿಂತುಹೋದದ್ದು ಎಲ್ಲ ನಿನ್ನ ಮುಂದೆ ಬರೆದು ಬರುತ್ತಿದೆ, ಓದಿಯೂ ಸುಮ್ಮನಿದ್ದೀ ಅಂದುಕೊಂಡೆ. ಹ್ಞೂಂ ಅಂದರೂ ನೋಯುತ್ತಿದ್ದ ದಿನಗಳು ಅವು. ನೀನು ಆರು ಪದ ಅಂತ ಎಣಿಸಿ ಬರೆದೆ.

ಇನ್ನೊಂದು. ಹೈದರಾಬಾದಿಗೆ ಬರುತ್ತೇನೆ ಅಂತ ಮೇ ತಿಂಗಳಲ್ಲೇ ಹೇಳುವವಳಿದ್ದೆ. ಬರುತ್ತೇನೆ, ಬಂದವಳು ಮೊದಲು ಈ ಗಂಟಲು ತೋರಿಸಬೇಕು, ನನಗೆ ಹೆದರಿಕೆಯಾಗುತ್ತಿದೆ, ನೀನು ಜೊತೆಗಿರು ಅಂತ. ಆ ಹುಡುಗಿ ಕೇಳುತ್ತಿರುವಾಗ ನನ್ನ ಬಾಯಿಂದ ಬರಲಿಲ್ಲ. ಪತ್ರ ಬೇಡ ಅಂದಿದ್ದೆ ನೀನು. ಅದಕ್ಕೆ ಬಡಿದೆ. ಪ್ರತಿ ಭಾನುವಾರ ಬಡಿದೆ, ಅಕ್ಕ. ಟಕ್ ಟಕ್ ಕಂಡರೆ ಕುಮುದಕ್ಕ ಮಾರನೇ ದಿನ ರೈಲು ಹತ್ತುತ್ತಾಳೆ ಅಂತ ನನಗೆ ಧೈರ್ಯವಿತ್ತು.

ಜೂನಿನ ಒಳಗೆ ಬಂದಿದ್ದರೆ ಕರೆಂಟು, ಅಂದರೆ ರೇಡಿಯೇಷನ್ ಕೊಟ್ಟೇ ವಾಸಿ ಮಾಡಬಹುದಿತ್ತು, ದನಿ ಉಳಿಯುತ್ತಿತ್ತೇನೋ ಅಂದರು ಡಾಕ್ಟರು. ಆಪರೇಷನ್ನಿನ ಹಿಂದಿನ ದಿನ ರೋಹಿತ ಫೋನು ಹಿಡಿದು "ಅತ್ತಿ, ಏನರ ಮಾತಾಡ್ರಿ, ರೆಕಾರ್ಡ್ ಮಾಡಿ ಇಟ್ಕೋತೀನಿ" ಅಂದ. ಬೇಡ ಅಂದೆ. ಅದನ್ನು ಇಟ್ಟುಕೊಂಡು ಕೇಳಬೇಕಾದವಳಿಗೆ ಕೇಳಿಸುವುದಿಲ್ಲ.

ಕೋಣೆ ಬೇರೆ ಯಾರಿಗಾದರೂ ಕೊಡು.

ಸುಮತಿ


ಮೌಲಾಲಿ
೧೧ ನವೆಂಬರ್ ೨೦೨೩

ಸುಮಿ, ನನ್ನ ಸುಮಿ,

ನಿನ್ನ ಪತ್ರ ಬಂದು ಎರಡು ಗಂಟೆಯಾಯಿತು. ಒಲೆಯ ಮೇಲೆ ಇಟ್ಟ ಅನ್ನ ಸೀದುಹೋಯಿತು, ನನಗೆ ಗೊತ್ತಾಗಲಿಲ್ಲ.

ದೇವರಾಣೆ, ನನ್ನ ಸ್ಕ್ರೀನಿನ ಮೇಲೆ ಇದ್ಯಾವುದೂ ಬರಲಿಲ್ಲ. ಈಗ ಮೇ ತಿಂಗಳಿಂದ ಈಚಿನ ಎಲ್ಲ ಭಾನುವಾರಗಳನ್ನೂ ತೆಗೆದು ಓದಿದೆ. ದನಿ ಒಡೆದಿದೆ ಅಂತ ಎಲ್ಲೂ ಇಲ್ಲ. ಕೆಮ್ಮು ಸಹ ಇಲ್ಲ. ಟಕ್ ಟಕ್ ಒಂದೇ ಒಂದು ಸಲ ಇದ್ದಿದ್ದರೆ ನಾನು ಚಪ್ಪಲಿ ಹಾಕಿಕೊಳ್ಳದೆ ಓಡಿ ಬರುತ್ತಿದ್ದೆ, ಅದು ನಿನಗೆ ಗೊತ್ತು. "ಆರಾಮ" ಅಂತ ಬರೆದು ಬಂತು, ನಾನು ಆರಾಮ ಅಂತ ಓದಿದೆ. ಹೀಗೂ ಕೆಲಸ ಮಾಡುವುದುಂಟೇ? ನಮ್ಮ ಬೋರ್ಡಿನ ಮೇಲೆ ಇಂಥ ಬೇಜವಾಬ್ದಾರಿ ನಡೆಯುತ್ತಿತ್ತೇ?

ದೀಪಾವಳಿಗೆ ಅವರ ಆಫೀಸು ಮುಚ್ಚಿದೆ. ಬುಧವಾರ ಬೇಗಂಪೇಟೆಗೆ ಹೋಗುತ್ತೇನೆ. ಆ ಹುಡುಗಿಯನ್ನು ಸುಮ್ಮನೆ ಬಿಡುವುದಿಲ್ಲ. ಅವಳ ಮೇಲಿನವರನ್ನೂ ಬಿಡುವುದಿಲ್ಲ. ಆಮೇಲೆ ನಿನ್ನ ಹತ್ತಿರ ಬರುತ್ತೇನೆ.

ಕುಮುದಕ್ಕ


ಗದಗ
೨೦ ನವೆಂಬರ್ ೨೦೨೩

ಅಕ್ಕ,

ರೋಹಿತ ನನ್ನನ್ನು ಗದಗಿಗೆ ಕರೆತಂದು ಜೊತೆಗೇ ಇದ್ದಾನೆ. ನೀನು ಬರಬೇಡ. ನನ್ನನ್ನು ನೋಡಿ ನೀನು ಅಳುತ್ತೀ, ಅಳಬೇಡ ಅನ್ನಲು ನನಗೆ ಬಾಯಿಲ್ಲ.

ಆ ಹುಡುಗಿಯನ್ನು ಬೈಯಬೇಡ. ನಮ್ಮ ಹಾಗೆ ಹೆಡ್‌ಸೆಟ್ ಹಾಕಿಕೊಂಡು ದುಡಿಯುವವಳು. ಎಲ್ಲೋ ಏನೋ ತಪ್ಪಿದೆ, ಈಗ ತಿಳಿದುಕೊಂಡು ಆಗುವುದೇನು?

ಭಾನುವಾರದ ಫೋನೂ ಇನ್ನು ಬೇಡ. ನಾನು ಎತ್ತಿದರೂ ಅವಳು ಬರೆಯುವುದು ಏನನ್ನು?

ಸುಮತಿ


ಮೌಲಾಲಿ
೩ ಡಿಸೆಂಬರ್ ೨೦೨೩, ಭಾನುವಾರ

ಸುಮಿ,

ಬೇಡ ಅಂದರೂ ಇವತ್ತು ಹನ್ನೊಂದಕ್ಕೆ ಫೋನು ಮಾಡಿದೆ. ನೀನು ಎತ್ತಿದೆ. ಅಲ್ಲಿ ಏನು ನಡೆಯಿತು ಅಂತ ನಿನಗೆ ಗೊತ್ತು, ನನ್ನ ಸ್ಕ್ರೀನಿನ ಮೇಲೆ ಏನು ಮೂಡಿತು ಅಂತ ಗೊತ್ತಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಬೇಗಂಪೇಟೆಯ ಸುದ್ದಿ. ಹದಿನೈದು ದಿನದಿಂದ ಬರೆದು ಬರೆದು ಹರಿದು ಹಾಕುತ್ತಿದ್ದೇನೆ. ಇವತ್ತು ಹರಿಯುವುದಿಲ್ಲ.

ದೀಪಾವಳಿ ಮುಗಿದ ಬುಧವಾರ ಸಿಟ್ಟಿನಲ್ಲೇ ಹೋದೆ. ನಾಲ್ಕು ಜನ ನೋಡುವ ಹಾಗೆ ಕೂಗಾಡಿದೆ. ಮಾನಸಾ ಒಳಗೆ ಹೋಗಿ ಒಂದು ಫಾರ್ಮು ತಂದು ನನ್ನ ಮುಂದಿಟ್ಟಳು. ಏಪ್ರಿಲ್ ಹದಿನೇಳನೇ ತಾರೀಖು. ಎರಡು ಚೌಕವಿತ್ತು. ಒಂದರ ಮುಂದೆ 'ಮಾತು ಮತ್ತು ಸಪ್ಪಳ', ಇನ್ನೊಂದರ ಮುಂದೆ 'ಮಾತು ಮಾತ್ರ'. ಎರಡನೆಯದಕ್ಕೆ ಹಸಿರು ಶಾಯಿಯಲ್ಲಿ ಟಿಕ್ ಬಿದ್ದಿತ್ತು. ಕೆಳಗೆ ನನ್ನ ಸಹಿ, ಅದೂ ಹಸಿರು. ಹಸಿರು ಶಾಯಿಯ ಪೆನ್ನು ನನಗೆ ಯಾರು ಕೊಟ್ಟದ್ದು ಅಂತ ನಿನಗೆ ಗೊತ್ತಿದೆ. ನಾನು ರಿಟೈರಾದ ದಿನ ನೀನೇ ಕೊಟ್ಟದ್ದು.

ಹೌದು, ನಾನೇ ಮಾಡಿದ್ದು. ಎರಡನೇ ಭಾನುವಾರ ನಿನ್ನ ಒಂದು ಮಾತಿನ ನಡುವೆ ನಾಲ್ಕು ಕಂಸ ಬಂದಿತ್ತು. ಕೆಮ್ಮು, ನಾಯಿ, ಕುಕ್ಕರು, ಮತ್ತೆ ಕೆಮ್ಮು. ಓದಲು ಅಡ್ಡವಾಯಿತು, ರೇಗಿತು. ಮಾರನೇ ದಿನ ಹೋಗಿ ಅವಳಿಗೆ ಪಾಠ ಮಾಡಿದೆ. "ಲೈನ್ ಸ್ವಚ್ಛ ಇರಬೇಕವ್ವಾ. ನಾವು ಇಪ್ಪತ್ತೆರಡು ವರ್ಷ ಬೋರ್ಡ್ ನೋಡಿದವ್ರು. ನನಗ ಮಾತು ಅಷ್ಟ ಸಾಕು, ಸಪ್ಪಳ ಬ್ಯಾಡ" ಅಂದೆ. ಅವಳು "ಮೇಡಂ, ಒಮ್ಮೆ ಟಿಕ್ ಮಾಡಿದ್ರ ಕೆಮ್ಮು, ಅಳು, ನಗು ಯಾವುದೂ ಬರಂಗಿಲ್ರಿ, ವಿಚಾರ ಮಾಡ್ರಿ" ಅಂದಳು. ನಾನು ಏನಂದೆ ಗೊತ್ತೇ? "ಆಕಿ ಹೆಂಗ ನಗತಾಳ ಅನ್ನೂದು ನನಗ ಗೊತ್ತೈತಿ, ನೀ ಹೇಳೂದು ಬ್ಯಾಡ."

ನೀನು ಬಡಿಯುತ್ತೀ ಅಂತ ಬರೆದಿದ್ದೆ. ಧಾರಾಳವಾಗಿ ಬಡಿ ಅಂದವಳು ನಾನು. ಒಂದು ವಾರದಲ್ಲಿ ಮರೆತೆ. ಗಂಟಲು ಕಟ್ಟಿದೆ ಅಂತಲೂ ಬರೆದಿದ್ದೆ, ಅದನ್ನೂ ಮರೆತೆ. ಸಪ್ಪಳ ನಿಲ್ಲಿಸಿದ್ದೇನೆ ಅಂತ ನಿನಗೆ ಒಂದು ಮಾತು ಹೇಳಲಿಲ್ಲ. ಸ್ಕ್ರೀನು ಸ್ವಚ್ಛವಾಗಿದೆ ಅಂತ ಜಂಬದಿಂದ ಬರೆದೆ.

ಮಾನಸಾ ಕೊನೆಗೆ ಅತ್ತಳು. "ಮೇ ತಿಂಗಳದಾಗನ ಅವರ ದನಿ ಹರದ್ಹೋಗಾಕತ್ತಿತ್ರಿ. ಟಕ್ ಟಕ್ ಅನ್ನೂದೂ ಕೇಳಸತಿತ್ತು, ಫೋನ್ ಕೆಟ್ಟೈತಿ ಅನ್ಕೊಂಡೆ. ಮಾತು ಬಿಟ್ಟು ಬ್ಯಾರೆ ಬರಿಯೂ ಹಂಗಿಲ್ಲ, ಕೇಳಿದ್ದನ್ನ ಹೊರಗ ಹೇಳೂ ಹಂಗೂ ಇಲ್ಲ. ಎಷ್ಟೋ ಸಲ ಬರಿಯಾಕಂತ ಬೆರಳು ಹೋಗಿ ವಾಪಸ್ ಬಂದಾವ್ರಿ" ಅಂದಳು. ಲೈನಿನ ಮೇಲೆ ಕೇಳಿದ್ದು ಬಾಯಿಗೆ ಬರಬಾರದು ಅಂತ ಹೊಸ ಹುಡುಗಿಯರಿಗೆ ನಾನೇ ಎಷ್ಟು ಸಲ ಹೇಳಿಲ್ಲ! ನಾನು ಹೇಳಿಕೊಟ್ಟ ಹಾಗೆಯೇ ಅವಳು ನಡೆದುಕೊಂಡಿದ್ದಳು. ಅವಳ ಕ್ಷಮೆ ಕೇಳಿದೆ, 'ಮಾತು ಮತ್ತು ಸಪ್ಪಳ' ಅನ್ನುವುದಕ್ಕೆ ಟಿಕ್ ಹಾಕಿಕೊಟ್ಟು ಬಂದೆ.

ಮಾರನೇ ದಿನ ಅಬಿಡ್ಸಿಗೆ ಹೋಗುವುದಿತ್ತು, ನನ್ನ ಕಿವಿಯ ಡಾಕ್ಟರ ಹತ್ತಿರ. ಕಿವಿ, ಮೂಗು, ಗಂಟಲು ಮೂರಕ್ಕೂ ಅವರೇ. ಮೂರು ತಿಂಗಳಿಗೊಮ್ಮೆ ಅವರ ಬೆಂಚಿನ ಮೇಲೆ ಕೂರುತ್ತೇನೆ. ಎದುರು ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದೆ, ಮೂರು ವಾರಕ್ಕಿಂತ ಹೆಚ್ಚು ದನಿ ಒಡೆದಿದ್ದರೆ ತಡಮಾಡದೆ ತೋರಿಸಿ ಅಂತ. ಮೇನಲ್ಲಿ ಓದಿದ್ದೆ. ಆಗಸ್ಟಿನಲ್ಲಿ ಓದಿದ್ದೆ. ಅದರ ಕೆಳಗೆ ಕುಳಿತೇ ಫೋನು ತೆಗೆದು ನೀನು "ಆರಾಮ" ಅಂದದ್ದನ್ನೂ ಓದಿದ್ದೆ. ಸುಮಿ, ನಿನ್ನ ದನಿ ಹೋದದ್ದು ನನ್ನಿಂದ. ರೋಗ ತಂದವಳು ನಾನಲ್ಲ ಅಂತ ನೀನು ಸಮಾಧಾನ ಹೇಳುತ್ತೀ. ಐದು ತಿಂಗಳು ಕಳೆದವಳು ನಾನೇ.

ಈಗ ಇವತ್ತಿನದು. ಸ್ಕ್ರೀನಿನ ಮೇಲೆ "(ಫೋನು ಎತ್ತಿದರು)" ಅಂತ ಬಂತು. ಆಮೇಲೆ "(ಉಸಿರು)". ಮತ್ತೆ "(ಉಸಿರು)". ನಾನು "ಸುಮಿ, ತಪ್ಪು ನಂದು, ಎಲ್ಲಾ ಹೇಳತೀನಿ ಕೇಳು" ಅಂತ ಶುರು ಮಾಡಿದೆ. ಅಷ್ಟರಲ್ಲಿ ಮೂಡಿತು: "(ಉಗುರಿನಿಂದ ಎರಡು ಸಲ ಬಡಿದ ಸಪ್ಪಳ)".

ನಾನು ಬಾಯಿ ಮುಚ್ಚಿದೆ. ತುಸು ಹೊತ್ತಿನ ಮೇಲೆ "(ಫೋನು ಇಟ್ಟರು)" ಅಂತ ಬಂತು.

ಬರಬೇಡ ಅಂತ ನೀನು ಕಾಗದದಲ್ಲಿ ಬರೆದಿದ್ದೀ. ಆದರೆ ಟಕ್ ಟಕ್ ಅಂದರೆ ಏನು ಅಂತ ನನಗೆ ನೀನು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಬೇಡ, ಎದುರಿಗೆ. ಮೇ ತಿಂಗಳಿಂದ ಬಡಿಯುತ್ತಿದ್ದೀ, ಇವತ್ತು ನನಗೆ ಮುಟ್ಟಿತು. ಹನ್ನೊಂದನೇ ತಾರೀಖು ಸೋಮವಾರ ಹುಬ್ಬಳ್ಳಿ ರೈಲಿಗೆ ಟಿಕೆಟು ಮಾಡಿಸಿದ್ದೇನೆ, ಈ ಪತ್ರ ನನಗಿಂತ ಮೊದಲು ನಿನ್ನ ಕೈ ಸೇರುತ್ತದೆ. ಕ್ಷಮಿಸು ಅಂತ ಕೇಳಲು ಬರುತ್ತಿಲ್ಲ, ಕೇಳುವ ಮುಖ ನನಗಿಲ್ಲ. ಹತ್ತಿರ ಕೂರಲು ಬರುತ್ತಿದ್ದೇನೆ. ತಿಳಿಹಳದಿ ಕೋಣೆಯ ಬೀಗದ ಕೈ ಚೀಲದಲ್ಲಿದೆ. ನೀನು ತೆಗೆದುಕೊಳ್ಳದಿದ್ದರೂ ಇರಲಿ, ವಾಪಸು ತರುವುದಿಲ್ಲ.

ರೋಹಿತನನ್ನು ಗದಗ ಸ್ಟೇಷನ್ನಿಗೆ ಕಳಿಸು. ಪ್ಲಾಟ್‌ಫಾರಮಿನ ಮೇಲೆ ನಿಂತು ಹೆಸರು ಹಿಡಿದು ಕೂಗಬೇಡ ಅನ್ನು, ನನಗೆ ಕೇಳಿಸುವುದಿಲ್ಲ. ಎದುರಿಗೆ ಬಂದು ನಿಲ್ಲಲಿ.

ನಿನ್ನ
ಕುಮುದಕ್ಕ